ತಿದ್ದಿದ ಚಿತ್ರಗಳು, ಕೈಬಿಟ್ಟ ಮೂಲಗಳು: ‘ವರ್ಲ್ಡ್ ಆಫ್ ವಾಂಗ್ ಕಾರ್ ವಾಯ್’ ಬ್ಲೂ-ರೇ ಸಂಪುಟ

ಹಾಂಗ್‌ಕಾಂಗ್‌ನ ನಿರ್ದೇಶಕ ವಾಂಗ್ ಕಾರ್ ವಾಯ್ ಅವರ ಏಳು ಚಿತ್ರಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿ ಅಮೆರಿಕದ ಕ್ರೈಟೀರಿಯನ್ ಸಂಸ್ಥೆಯು 2021ರ ಮಾರ್ಚ್ ತಿಂಗಳಲ್ಲಿ ಹೊರತಂದ ‘ವರ್ಲ್ಡ್ ಆಫ್ ವಾಂಗ್ ಕಾರ್ ವಾಯ್’ ಎಂಬ ಬ್ಲೂ-ರೇ ಸಂಪುಟವು, ಜಗತ್ತಿನ ಒಳ್ಳೆಯ ಚಿತ್ರಗಳನ್ನು ಮನೆಯ ಕಪಾಟಿನಲ್ಲಿ ಇಟ್ಟುಕೊಳ್ಳಬೇಕೆನ್ನುವ ಯಾರಿಗಾದರೂ ಆಸೆ ಹುಟ್ಟಿಸುವಂಥದ್ದು. ಅಂದವಾದ ಹೊದಿಕೆ, ಒಳಗೊಂದು ಚಿತ್ರಸಮೃದ್ಧ ಪುಸ್ತಕ, ಏಳು ಡಿಸ್ಕ್‌ಗಳು, ಗಂಟೆಗಟ್ಟಲೆ ನೋಡುವಷ್ಟು ಸಂದರ್ಶನಗಳು, ಕೈಬಿಟ್ಟ ದೃಶ್ಯಗಳು, ತಯಾರಿಕೆಯ ಕಥೆಗಳು ಎಲ್ಲವೂ ಇದರಲ್ಲಿವೆ. ಆದರೆ ಈ ಸಂಪುಟವನ್ನು ಕೊಳ್ಳುವವರು ಮೊದಲು ತಿಳಿಯಬೇಕಾದ ಸಂಗತಿ ಬೇರೆಯೇ ಇದೆ. ಇದರಲ್ಲಿರುವುದು 1988ರಿಂದ 2004ರವರೆಗೆ ಚಿತ್ರಮಂದಿರಗಳಲ್ಲಿ ಜನ ಕಂಡ ಆ ಚಿತ್ರಗಳಲ್ಲ. ಅರವತ್ತು ದಾಟಿದ ನಿರ್ದೇಶಕರೊಬ್ಬರು ತಮ್ಮ ಮೂವತ್ತು ನಲವತ್ತರ ವಯಸ್ಸಿನ ಕೃತಿಗಳ ಮುಂದೆ ಮತ್ತೆ ಕುಳಿತು, ಬಣ್ಣವನ್ನೂ ಚೌಕಟ್ಟನ್ನೂ ಶೀರ್ಷಿಕೆಯ ಅಕ್ಷರಗಳನ್ನೂ ಧ್ವನಿಯನ್ನೂ ತಮ್ಮ ಈಗಿನ ಅಭಿರುಚಿಗೆ ತಕ್ಕಂತೆ ತಿದ್ದಿದ ರೂಪಗಳು.

ಈ ವಿಷಯವನ್ನು ಅವರು ಮುಚ್ಚಿಟ್ಟಿಲ್ಲ. ಸಂಪುಟದ ಪುಸ್ತಕದಲ್ಲಿ ಅವರೇ ಬರೆದ ಒಂದು ಟಿಪ್ಪಣಿಯಿದೆ. ಪ್ರೇಕ್ಷಕರ ನೆನಪಿನಲ್ಲಿ ಉಳಿದಿರುವ ರೂಪಕ್ಕೆ ಚಿತ್ರಗಳನ್ನು ಮರಳಿಸಬೇಕೋ ಅಥವಾ ತಾವು ಮೊದಲು ಮನಸ್ಸಿನಲ್ಲಿ ಕಂಡಿದ್ದ ರೂಪಕ್ಕೆ ಅವನ್ನು ತರಬೇಕೋ ಎಂಬ ಇಕ್ಕಟ್ಟಿನಲ್ಲಿ ತಾವು ಸಿಲುಕಿದ್ದಾಗಿಯೂ, ಕೊನೆಗೆ ಎರಡನೆಯ ದಾರಿಯನ್ನೇ ಹಿಡಿದದ್ದಾಗಿಯೂ ಅಲ್ಲಿ ಅವರು ಹೇಳುತ್ತಾರೆ. ಇವು ಹಿಂದಿನ ಚಿತ್ರಗಳಲ್ಲ, ನೋಡುವ ನಾವೂ ಹಿಂದಿನ ಪ್ರೇಕ್ಷಕರಲ್ಲ, ಆದ್ದರಿಂದ ಹೊಸದಾಗಿ ಪ್ರಾರಂಭಿಸೋಣ ಎಂಬುದು ಆ ಟಿಪ್ಪಣಿಯ ಒಟ್ಟು ಆಶಯ. ಇಷ್ಟು ನೇರವಾಗಿ ಹೇಳಿದ್ದಕ್ಕೆ ಅವರನ್ನು ಗೌರವಿಸಲೇಬೇಕು. ಆದರೂ ವಿಮರ್ಶೆಯ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಕಲಾವಿದನಿಗೆ ತನ್ನ ಹಳೆಯ ಕೃತಿಯನ್ನು ತಿದ್ದುವ ಹಕ್ಕು ಇದೆ ಎಂದು ಪೂರ್ಣವಾಗಿ ಒಪ್ಪಿಕೊಂಡ ಮೇಲೂ, ತಿದ್ದಿದ ರೂಪವನ್ನು ಕೊಡುವಾಗ ಮೂಲವನ್ನು ಪೆಟ್ಟಿಗೆಯಿಂದ ಹೊರಗಿಡುವ ಹಕ್ಕು ಅವನಿಗೂ ಪ್ರಕಾಶಕರಿಗೂ ಇದೆಯೇ ಎಂಬುದನ್ನು ಕೇಳಲೇಬೇಕಾಗುತ್ತದೆ.

ವಾಂಗ್ ಅವರಿಗೆ ತಿದ್ದುವುದು ಹೊಸ ಅಭ್ಯಾಸವಲ್ಲ. ಶಾಂಘೈಯಲ್ಲಿ 1958ರಲ್ಲಿ ಹುಟ್ಟಿ, ಐದರ ವಯಸ್ಸಿನಲ್ಲಿ ಹಾಂಗ್‌ಕಾಂಗ್‌ಗೆ ಬಂದ ಈ ನಿರ್ದೇಶಕರು, ಪೂರ್ಣ ಚಿತ್ರಕಥೆಯಿಲ್ಲದೆ ಚಿತ್ರೀಕರಣ ಪ್ರಾರಂಭಿಸಿ, ತೆಗೆದ ದೃಶ್ಯಗಳ ರಾಶಿಯಿಂದ ಸಂಕಲನದ ಮೇಜಿನ ಮೇಲೆ ಕಥೆಯನ್ನು ಹುಡುಕುವವರೆಂದೇ ಹೆಸರಾದವರು. ‘2046’ ಚಿತ್ರದ ಪ್ರತಿಯು 2004ರ ಕಾನ್ ಚಿತ್ರೋತ್ಸವಕ್ಕೆ ತಲುಪಿದ್ದೇ ತಡವಾಗಿ. ಅಲ್ಲಿ ಪ್ರದರ್ಶನವಾದ ಬಳಿಕವೂ ಅದರ ಮೇಲೆ ಕೆಲಸ ಮುಂದುವರಿಯಿತು. 1994ರ ‘ಆ್ಯಶಸ್ ಆಫ್ ಟೈಮ್’ ಚಿತ್ರದ ನೆಗೆಟಿವ್ ಹಾಳಾಗುತ್ತಿದೆಯೆಂದು ತಿಳಿದಾಗ, ಬೇರೆ ಬೇರೆ ಕಡೆಗಳಿಂದ ಪ್ರತಿಗಳನ್ನು ಕಲೆಹಾಕಿ, ಅದನ್ನು ಇನ್ನಷ್ಟು ಚಿಕ್ಕದಾಗಿಸಿ, ಬಣ್ಣ ಬದಲಿಸಿ, ಯೋ-ಯೋ ಮಾ ಅವರ ಚೆಲ್ಲೋ ವಾದನವನ್ನು ಸೇರಿಸಿ 2008ರಲ್ಲಿ ಹೊಸ ರೂಪದಲ್ಲಿ ಬಿಡುಗಡೆ ಮಾಡಿದರು. ಅಂದರೆ ಇವರ ಚಿತ್ರಗಳು ಒಂದು ದಿನ ಮುಗಿದವು ಎನ್ನುವುದಕ್ಕಿಂತ, ಬಿಡುಗಡೆಯ ದಿನಾಂಕ ಬಂದಾಗ ಕೈಯಿಂದ ಬಿಟ್ಟವು ಎನ್ನುವುದೇ ಹೆಚ್ಚು ಸರಿ. ಹಾಗಿರುವಾಗ, ಹಳೆಯ ಚಿತ್ರಗಳನ್ನು ಪುನರುಜ್ಜೀವನಗೊಳಿಸುವ ಇಟಲಿಯ ಬೊಲೋನ್ಯಾದ ‘ಲಿಮ್ಮಾಜಿನೆ ರಿತ್ರೊವಾತಾ’ ಪ್ರಯೋಗಾಲಯದಲ್ಲಿ 4ಕೆ ಎಂಬ ಅತಿ ಹೆಚ್ಚಿನ ಸ್ಪಷ್ಟತೆಯಲ್ಲಿ ಮತ್ತೆ ಕೈಗೆ ಸಿಕ್ಕ ಚಿತ್ರಗಳನ್ನು ಅವರು ಮುಟ್ಟದೆ ಬಿಡುತ್ತಾರೆಂದು ನಿರೀಕ್ಷಿಸುವುದೇ ಅವರ ಸ್ವಭಾವಕ್ಕೆ ಹೊರತು.

ಈಗ ಡಿಸ್ಕ್‌ಗಳ ಗುಣಕ್ಕೆ ಬರೋಣ. ಮೊದಲ ಚಿತ್ರ, 1988ರ ‘ಆ್ಯಸ್ ಟಿಯರ್ಸ್ ಗೋ ಬೈ’, ಭೂಗತ ಲೋಕದ ಕಥೆ. ಆಂಡ್ರ್ಯೂ ಲಾವ್ ಅವರ ಛಾಯಾಗ್ರಹಣ. ಇಷ್ಟು ಸ್ವಚ್ಛವಾಗಿ ಈ ಚಿತ್ರವನ್ನು ನೋಡಲು ಹಿಂದೆ ಅವಕಾಶವೇ ಇರಲಿಲ್ಲ. ನಿಯಾನ್ ದೀಪಗಳ ನೀಲಿಯೂ ಬೀದಿ ಜಗಳಗಳ ಮಸುಕು ಚಲನೆಯೂ ಎದ್ದು ಕಾಣುತ್ತವೆ. 1990ರ ‘ಡೇಸ್ ಆಫ್ ಬೀಯಿಂಗ್ ವೈಲ್ಡ್’ ಚಿತ್ರದಿಂದ ಕ್ರಿಸ್ಟಫರ್ ಡಾಯ್ಲ್ ಅವರ ಕ್ಯಾಮೆರಾ ವಾಂಗ್ ಅವರ ಜೊತೆಗೂಡುತ್ತದೆ. ಈ ಚಿತ್ರದ ಪಾಚಿಹಸಿರು, ಮಳೆಯಲ್ಲಿ ನೆನೆದ ರಸ್ತೆ, ಹಣೆಯ ಮೇಲಿನ ಬೆವರು ಇವೆಲ್ಲ ಈ ಪ್ರತಿಯಲ್ಲಿ ತಮ್ಮ ಜಾಗದಲ್ಲಿ ಸರಿಯಾಗಿ ಕುಳಿತಿವೆ. ಎರಡೂ ಚಿತ್ರಗಳಿಗೆ ಅವುಗಳ ಏಕವಾಹಿನಿ (ಮೋನೊ) ಧ್ವನಿಯನ್ನೇ ಉಳಿಸಿಕೊಂಡಿರುವುದು ಒಳ್ಳೆಯ ನಿರ್ಧಾರ. ಸಂಪುಟದಲ್ಲಿ ಈ ಎರಡು ಡಿಸ್ಕ್‌ಗಳ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಹುಟ್ಟುವುದು ಎಲ್ಲರೂ ಹೆಚ್ಚು ಪ್ರೀತಿಸುವ ಚಿತ್ರದಲ್ಲಿಯೇ. 2000ದ ‘ಇನ್ ದ ಮೂಡ್ ಫಾರ್ ಲವ್’ 1962ರ ಹಾಂಗ್‌ಕಾಂಗ್‌ನಲ್ಲಿ, ಬಾಡಿಗೆ ಕೋಣೆಗಳ ಇಕ್ಕಟ್ಟಿನಲ್ಲಿ ಅಕ್ಕಪಕ್ಕ ವಾಸಿಸುವ ಇಬ್ಬರ ಕಥೆ. ತಮ್ಮ ತಮ್ಮ ಸಂಗಾತಿಗಳು ಪರಸ್ಪರ ಸಂಬಂಧದಲ್ಲಿದ್ದಾರೆಂದು ಅರಿತ ಇವರು, ತಾವು ಹಾಗಾಗಬಾರದೆಂದು ಹಟ ಹಿಡಿದು, ಆ ಹಟದಲ್ಲೇ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಮಾತಿನಲ್ಲಿ ಹೇಳಲಾಗದ್ದನ್ನೆಲ್ಲ ಈ ಚಿತ್ರ ಬಟ್ಟೆ, ಗೋಡೆ, ಪರದೆ, ದೀಪಗಳ ಬಣ್ಣಕ್ಕೆ ವಹಿಸಿಬಿಡುತ್ತದೆ. ಹೋಟೆಲಿನ ಓಣಿಯಲ್ಲಿ ಗಾಳಿಗೆ ಅಲುಗುವ ಕೆಂಪು ಪರದೆಗಳು, ನಾಯಕಿ ಮ್ಯಾಗಿ ಚೆಯುಂಗ್ ಉಡುವ ಬಗೆಬಗೆಯ ಚೊಂಗ್‌ಸಾಮ್ ಉಡುಪುಗಳು, ಗಲ್ಲಿಯ ಗೋಡೆಗೆ ತಗುಲಿಸಿದ ಒಂಟಿ ದೀಪ ಇವೇ ಇಲ್ಲಿ ಪಾತ್ರಗಳ ಒಳಮಾತು. ಹೊಸ ಪ್ರತಿಯಲ್ಲಿ ಈ ಒಳಮಾತಿನ ಮೇಲೆ ಹಸಿರಿನ ಒಂದು ತೆರೆ ಹಾಸಿದೆ. ಕೆಂಪು ಇದ್ದಲ್ಲಿ ಕೆಂಪು ಇದೆ, ಆದರೆ ಅದರ ಬಿಸಿ ತಗ್ಗಿದೆ. ಮೊದಲು ಬೆಚ್ಚಗೆ ಕಾಣುತ್ತಿದ್ದ ಚರ್ಮದ ಬಣ್ಣ ತಣ್ಣಗಾಗಿದೆ. ನೆರಳುಗಳು ಬಹುಮಟ್ಟಿಗೆ ಒಂದೇ ಛಾಯೆಗೆ ತಿರುಗಿವೆ. ಇದನ್ನು ಮಾತ್ರ ಮೊದಲ ಬಾರಿಗೆ ನೋಡುವವರು ಇದೊಂದು ಸುಂದರ ಚಿತ್ರವೆಂದೇ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ 2012ರಲ್ಲಿ ಇದೇ ಕ್ರೈಟೀರಿಯನ್ ಸಂಸ್ಥೆ ಹೊರತಂದ ಹಿಂದಿನ ಬ್ಲೂ-ರೇಯನ್ನು ಪಕ್ಕದಲ್ಲಿ ಇಟ್ಟು ನೋಡಿದರೆ, ಎರಡರ ಭಾವವೇ ಬೇರೆಯೆಂದು ಕೂಡಲೇ ತಿಳಿಯುತ್ತದೆ. ಹಳೆಯದರಲ್ಲಿ ಆಸೆ ಇನ್ನೂ ಉರಿಯುತ್ತಿದೆ, ಹೊಸದರಲ್ಲಿ ಅದು ಆಗಲೇ ನೆನಪಾಗಿ ಹೋಗಿದೆ. ಅರವತ್ತು ದಾಟಿದ ಮನುಷ್ಯ ಆ ಕಥೆಯನ್ನು ಹಾಗೆ ನೋಡುವುದು ಸಹಜ, ಅರ್ಥವಾಗುವಂಥದ್ದು, ಒಂದು ದೃಷ್ಟಿಯಲ್ಲಿ ಮನಮುಟ್ಟುವಂಥದ್ದೂ ಹೌದು. ಆದರೆ ಆ ಚಿತ್ರವನ್ನು ಮಾಡಿದವರು ನಲವತ್ತರ ಆಸುಪಾಸಿನ ವಾಂಗ್. ಅವರ ಕಣ್ಣಿಗೂ ಇಲ್ಲಿ ಒಂದು ಜಾಗ ಇರಬೇಕಿತ್ತು.

‘ಫಾಲನ್ ಏಂಜೆಲ್ಸ್’ ಚಿತ್ರದ ಬದಲಾವಣೆ ಇದಕ್ಕಿಂತ ದೊಡ್ಡದು. 1995ರ ಈ ಚಿತ್ರ, ‘ಚುಂಗ್‌ಕಿಂಗ್ ಎಕ್ಸ್‌ಪ್ರೆಸ್’ಗಾಗಿ ಯೋಚಿಸಿದ್ದ ಮೂರನೆಯ ಕಥೆಯಿಂದ ಬೆಳೆದದ್ದು: ಒಬ್ಬ ಬಾಡಿಗೆ ಕೊಲೆಗಾರ, ಅವನನ್ನು ಭೇಟಿಯಾಗುವುದೇ ಅಪರೂಪವಾದರೂ ಅವನಿಗಾಗಿ ಹಂಬಲಿಸುವ ಅವನ ಪಾಲುಗಾರ್ತಿ, ರಾತ್ರಿ ಬೇರೆಯವರ ಅಂಗಡಿಗಳ ಬೀಗ ತೆಗೆದು ವ್ಯಾಪಾರ ಮಾಡುವ ಒಬ್ಬ ಮೂಕ ಯುವಕ. ಡಾಯ್ಲ್ ಇದನ್ನು ವಿಪರೀತ ಅಗಲ ನೋಟದ ಮಸೂರಗಳಲ್ಲಿ, ನಟರ ಮುಖಕ್ಕೆ ಕ್ಯಾಮೆರಾ ತಾಗುವಷ್ಟು ಹತ್ತಿರದಿಂದ ಚಿತ್ರೀಕರಿಸಿದರು. ಮುಖ ಇಡೀ ಪರದೆಯನ್ನು ತುಂಬಿದಾಗಲೂ ಹಿಂದಿನ ಕೋಣೆ ಮೈಲಿಗಟ್ಟಲೆ ದೂರ ಸರಿದಂತೆ ಕಾಣುತ್ತದೆ. ಹತ್ತಿರವಿದ್ದೂ ದೂರವಾಗಿರುವ ಜನರ ಕಥೆಗೆ ಇದಕ್ಕಿಂತ ತಕ್ಕ ತಂತ್ರವಿಲ್ಲ. ಚಿತ್ರ ಬಿಡುಗಡೆಯಾದದ್ದು 1.85ರ ಚೌಕಟ್ಟಿನಲ್ಲಿ, ಅಂದರೆ ಎತ್ತರದ 1.85 ಪಟ್ಟು ಅಗಲದಲ್ಲಿ. ಈ ಸಂಪುಟದಲ್ಲಿ ಅದು ಸಿನೆಮಾಸ್ಕೋಪಿನ ಇನ್ನೂ ಅಗಲವಾದ 2.39ರ ಚೌಕಟ್ಟಿಗೆ ಬಂದಿದೆ. ತಾವು ಆಗಲೇ ಬಯಸಿದ್ದ ಚೌಕಟ್ಟು ಇದೇ ಎಂಬುದು ನಿರ್ದೇಶಕರ ವಾದ.

ಈ ವಾದವನ್ನು ಸುಮ್ಮನೆ ತಳ್ಳಿಹಾಕಲಾಗದು, ಏಕೆಂದರೆ ಅಗಲಗೊಂಡ ಚೌಕಟ್ಟಿನಲ್ಲಿ ಕೆಲವು ದೃಶ್ಯಗಳು ನಿಜಕ್ಕೂ ಬೆರಗು ಹುಟ್ಟಿಸುತ್ತವೆ. ಸುರಂಗದ ದೀಪಗಳ ಕೆಳಗೆ ಮೋಟಾರ್‌ಸೈಕಲ್ ಓಡುವ ಕೊನೆಯ ಭಾಗದಲ್ಲಿ ವೇಗಕ್ಕೆ ಹೊಸದೊಂದು ಉದ್ದ ಸಿಕ್ಕಿದೆ. ಆದರೆ ಒಬ್ಬರೇ ಇರುವ ಒಳಾಂಗಣ ದೃಶ್ಯಗಳಲ್ಲಿ ಲಾಭಕ್ಕಿಂತ ನಷ್ಟವೇ ಹೆಚ್ಚು. ಛಾಯಾಗ್ರಾಹಕರು ಚಿತ್ರೀಕರಣದ ಜಾಗದಲ್ಲಿ ನಿಂತು, ತಲೆಯ ಮೇಲೆಷ್ಟು ಜಾಗ, ಮೇಜಿನ ಕೆಳಗೆಷ್ಟು ಜಾಗ ಎಂದು ಅಳೆದು ಕಟ್ಟಿದ ಚೌಕಟ್ಟು ಅದು. ಆ ತಗ್ಗು ಸೂರಿನ ಕೋಣೆಗಳ ಉಸಿರುಗಟ್ಟಿಸುವ ಎತ್ತರವೇ ಅದರ ಪ್ರಾಣ. ಬಣ್ಣದ ಬದಲಾವಣೆಯನ್ನು ಅಭಿರುಚಿಯ ವ್ಯತ್ಯಾಸವೆಂದು ಒಪ್ಪಬಹುದು, ಚೌಕಟ್ಟಿನ ಬದಲಾವಣೆ ಅಷ್ಟು ಹಗುರದ್ದಲ್ಲ. ಚೌಕಟ್ಟು ಬದಲಾದರೆ ಯಾರು ಎಲ್ಲಿ ನಿಂತಿದ್ದಾರೆ, ಇಬ್ಬರ ನಡುವೆ ಎಷ್ಟು ದೂರವಿದೆ ಎಂಬುದೇ ಬದಲಾಗುತ್ತದೆ. ಈ ಚಿತ್ರದಲ್ಲಂತೂ ಕಥೆಯಿರುವುದೇ ಆ ದೂರದಲ್ಲಿ.

‘ಹ್ಯಾಪಿ ಟುಗೆದರ್’ ಚಿತ್ರದ ಸ್ಥಿತಿಯನ್ನು ಇವೆರಡರಿಂದ ಬೇರೆಯಾಗಿಯೇ ನೋಡಬೇಕು. ಬ್ಯೂನಸ್ ಐರಿಸ್‌ನಲ್ಲಿ ಸಿಲುಕಿದ ಇಬ್ಬರು ಪ್ರೇಮಿಗಳ ಕಥೆಯಾದ ಈ ಚಿತ್ರ, ಹಾಂಗ್‌ಕಾಂಗ್ ಚೀನಾಕ್ಕೆ ಮರಳಿದ 1997ರಲ್ಲಿಯೇ ಬಂದು, ವಾಂಗ್ ಅವರಿಗೆ ಕಾನ್‌ನಲ್ಲಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿಯನ್ನು ತಂದಿತು. 2019ರಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ ಇದರ ಮೂಲ ನೆಗೆಟಿವ್‌ನ ಒಂದು ಭಾಗ ಸರಿಪಡಿಸಲಾಗದಂತೆ ಹಾಳಾಯಿತು. ಚಿತ್ರದ ಜೊತೆಗೆ ಆ ರೀಲುಗಳ ಧ್ವನಿಯೂ ಹೋಯಿತು. ಆ ಕಾರಣದಿಂದಲೇ ನಟ ಟೋನಿ ಲೆಯುಂಗ್ ಅವರ ಕೆಲವು ಸ್ವಗತಗಳನ್ನು ಮೊಟಕುಗೊಳಿಸಬೇಕಾಯಿತೆಂದು ನಿರ್ದೇಶಕರು ತಿಳಿಸಿದ್ದಾರೆ. ಇಲ್ಲಿ ದೂರುವುದಕ್ಕಿಂತ ಮರುಗುವುದೇ ಹೆಚ್ಚು. ಆದರೂ ಒಂದು ಮಾತು ಹೇಳಲೇಬೇಕು: ಹಿಂದೆ ಬಂದಿದ್ದ ಡಿವಿಡಿ, ಬ್ಲೂ-ರೇಗಳಲ್ಲಿ ಆ ಸ್ವಗತಗಳು ಪೂರ್ಣವಾಗಿಯೇ ಇವೆ. ಗುಣಮಟ್ಟ ಕಡಿಮೆಯಾದರೂ ಸರಿ, ಆ ಭಾಗಗಳನ್ನು ಹಳೆಯ ವಿಡಿಯೊ ಪ್ರತಿಯಿಂದ ತೆಗೆದು ಹೆಚ್ಚುವರಿಯಾಗಿ ಡಿಸ್ಕ್‌ನಲ್ಲಿ ಸೇರಿಸಬಹುದಿತ್ತು. ಲೆಯುಂಗ್ ಅವರ ಆ ತಗ್ಗಿದ ದನಿಯ ಒಂದೊಂದು ವಾಕ್ಯಕ್ಕೂ ಈ ಚಿತ್ರದಲ್ಲಿ ಬೆಲೆಯಿದೆ. ಅವರ ಎದುರು ನಟಿಸಿದ ಲೆಸ್ಲಿ ಚೆಯುಂಗ್ 2003ರಲ್ಲಿಯೇ ತೀರಿಕೊಂಡರು. ಹೊಸ ರೂಪದ ಬಗ್ಗೆ ಅವರೇನು ಹೇಳುತ್ತಿದ್ದರೆಂದು ಕೇಳುವ ದಾರಿಯಿಲ್ಲ.

‘ಚುಂಗ್‌ಕಿಂಗ್ ಎಕ್ಸ್‌ಪ್ರೆಸ್’ ಮತ್ತು ‘2046’ ಕುರಿತು ಹೆಚ್ಚು ಹೇಳಬೇಕಿಲ್ಲ. ಮೊದಲನೆಯದರ ಆರಂಭದ ಅಕ್ಷರಗಳು ಬದಲಾಗಿವೆ, ಬಣ್ಣ ಸ್ವಲ್ಪ ಸರಿದಿದೆ, ಆದರೆ ಅದರ ಚೈತನ್ಯ ಕುಂದಿಲ್ಲ. ಡಬ್ಬಿ ಅನಾನಸ್‌ನ ಅವಧಿ ಮುಗಿಯುವ ದಿನವನ್ನು ಎಣಿಸುತ್ತಾ ಕೂರುವ ಆ ಪೊಲೀಸಿನವನು ಈಗಲೂ ಅಷ್ಟೇ ಹತ್ತಿರದವನು. ಎರಡನೆಯದು ಮೊದಲಿನಿಂದಲೂ ಕೃತಕ ಬೆಳಕಿನ, ಭವಿಷ್ಯದ ರೈಲುಗಳ ಚಿತ್ರವಾದ್ದರಿಂದ ಹೊಸ ಬಣ್ಣಗಾರಿಕೆ ಅದಕ್ಕೆ ಒಗ್ಗುತ್ತದೆ.

ಈ ಸಂಪುಟದ ಬಗ್ಗೆ ನನ್ನ ಮುಖ್ಯ ಆಕ್ಷೇಪಕ್ಕೆ ಪುರಾವೆಯನ್ನು ಈ ಸಂಪುಟವೇ ಒದಗಿಸುತ್ತದೆ. ‘ಡೇಸ್ ಆಫ್ ಬೀಯಿಂಗ್ ವೈಲ್ಡ್’ ಡಿಸ್ಕ್‌ನಲ್ಲಿ ಆ ಚಿತ್ರದ ಇನ್ನೊಂದು ಪಾಠವನ್ನೂ, ಅಂದರೆ ಇನ್ನೊಂದು ರೂಪವನ್ನೂ, ಕೊಟ್ಟಿದ್ದಾರೆ. ಆರಂಭದ ಭಾಗವೂ ಕೊನೆಯ ದೃಶ್ಯಗಳೂ ಬೇರೆ ರೀತಿಯಲ್ಲಿ ಸಂಕಲನಗೊಂಡಿರುವ, ಮನೆಯಲ್ಲಿ ನೋಡಲು ಹಿಂದೆಂದೂ ಸಿಗದಿದ್ದ ರೂಪ ಅದು. ಅದೇ ರೀತಿ ‘ದ ಹ್ಯಾಂಡ್’ ಎಂಬ 2004ರ ಕಿರುಚಿತ್ರದ ವಿಸ್ತೃತ ರೂಪವನ್ನೂ ಸೇರಿಸಿದ್ದಾರೆ. ಒಂದು ಚಿತ್ರದ ಎರಡು ರೂಪಗಳನ್ನು ಅಕ್ಕಪಕ್ಕ ಇಟ್ಟು ನೋಡುವುದರಲ್ಲಿ ಎಷ್ಟು ತಿಳಿವಳಿಕೆಯಿದೆ, ಎಷ್ಟು ಸುಖವಿದೆ ಎಂಬುದನ್ನು ಪ್ರಕಾಶಕರು ಚೆನ್ನಾಗಿ ಬಲ್ಲರೆಂದಾಯಿತು. ಹಾಗಿದ್ದಮೇಲೆ 1995ರ ‘ಫಾಲನ್ ಏಂಜೆಲ್ಸ್’ ಮತ್ತು 2000ದ ‘ಇನ್ ದ ಮೂಡ್ ಫಾರ್ ಲವ್’ ಚಿತ್ರಗಳಿಗೆ ಇದೇ ಗೌರವ ಯಾಕೆ ಸಿಗಲಿಲ್ಲ? ಜನ ಕಂಡೇ ಇರದ ಪಾಠಕ್ಕೆ ಜಾಗ ಸಿಕ್ಕಿ, ಜನ ಕಂಡು ಪ್ರೀತಿಸಿದ ಪಾಠಕ್ಕೆ ಜಾಗ ಸಿಗದಿರುವುದು ನನ್ನನ್ನು ಬಹಳವಾಗಿ ಕಾಡುತ್ತದೆ.

ಕನ್ನಡದ ಓದುಗರಿಗೆ ಈ ಪ್ರಶ್ನೆ ಹೊಸತಲ್ಲ. ನಮ್ಮ ಹಳಗನ್ನಡ ಕಾವ್ಯಗಳ ಶಾಸ್ತ್ರೀಯ ಸಂಪಾದನೆಗಳಲ್ಲಿ, ಸಂಪಾದಕರು ತಮಗೆ ಸರಿಯೆನಿಸಿದ ಪಾಠವನ್ನು ಪುಟದ ಮೇಲ್ಭಾಗದಲ್ಲಿ ಕೊಟ್ಟರೂ, ಬೇರೆ ಬೇರೆ ಓಲೆಗರಿಗಳಲ್ಲಿ ಸಿಕ್ಕ ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತಾರೆ. ಡಿ.ಎಲ್. ನರಸಿಂಹಾಚಾರ್ಯರಂಥ ವಿದ್ವಾಂಸರು ಬಾಳಿಡೀ ಪಾಲಿಸಿ ಕಲಿಸಿದ ಶಿಸ್ತು ಅದು. ಸಂಪಾದಕನ ತೀರ್ಮಾನವನ್ನು ಒಪ್ಪದ ಓದುಗನಿಗೂ ತಾನೇ ತೂಗಿ ನೋಡುವ ಅವಕಾಶ ಅಲ್ಲಿ ಉಳಿದಿರುತ್ತದೆ. ಇಲ್ಲಿ ತಿದ್ದಿದವರು ಕೃತಿಕಾರರೇ ಆದ್ದರಿಂದ ಸ್ಥಿತಿ ಬೇರೆ ಎನ್ನಬಹುದು, ನಿಜ. ಆದರೆ ಕೃತಿಕಾರ ಬದುಕಿರುವಾಗಲೇ ಎರಡೂ ಪಾಠಗಳು ಅಚ್ಚುಕಟ್ಟಾಗಿ ಉಳಿದರೆ, ಮುಂದಿನವರು ಹರಿದ ರೀಲುಗಳ ನಡುವೆ ಅವನ್ನು ಹುಡುಕಬೇಕಾಗುವುದಿಲ್ಲ.

ಸಿನೆಮಾ ಲೋಕದಲ್ಲಿ ಇದನ್ನು ಚೆನ್ನಾಗಿ ನಿಭಾಯಿಸಿದ ಉದಾಹರಣೆಗಳಿವೆ. ರಿಡ್ಲಿ ಸ್ಕಾಟ್ ಅವರ ‘ಬ್ಲೇಡ್ ರನ್ನರ್’ ಚಿತ್ರಕ್ಕೆ 2007ರಲ್ಲಿ ಬಂದ ಐದು ಡಿಸ್ಕ್‌ಗಳ ಸಂಪುಟದಲ್ಲಿ 1982ರ ಅಮೆರಿಕದ ರೂಪ, ಹೊರದೇಶಗಳ ರೂಪ, 1992ರ ರೂಪ, ಸ್ಕಾಟ್ ಅಂತಿಮವೆಂದು ಒಪ್ಪಿದ 2007ರ ರೂಪ, ಜೊತೆಗೆ ಬಿಡುಗಡೆಗೆ ಮುಂಚಿನ ಕೆಲಸದ ಪ್ರತಿ ಕೂಡ ಇತ್ತು. ಯಾವುದು ತನ್ನದೆಂದು ನಿರ್ದೇಶಕರು ಹೇಳಿದರು, ಯಾವುದು ತನಗೆ ಇಷ್ಟವೆಂದು ಪ್ರೇಕ್ಷಕರು ಆರಿಸಿಕೊಂಡರು, ಯಾರಿಗೂ ನಷ್ಟವಾಗಲಿಲ್ಲ. ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಅವರಂತೂ ತಮ್ಮ ಚಿತ್ರಗಳನ್ನು ಮತ್ತೆ ಮತ್ತೆ ಕತ್ತರಿಸಿ ಜೋಡಿಸಿದವರು. 1979ರ ‘ಅಪೋಕ್ಯಾಲಿಪ್ಸ್ ನೌ’ 2001ರಲ್ಲಿ ಸುಮಾರು 50 ನಿಮಿಷಗಳಷ್ಟು ಬೆಳೆಯಿತು. 2019ರಲ್ಲಿ ಮತ್ತೆ ಚಿಕ್ಕದಾಗಿ, ಮೊದಲಿನದಕ್ಕಿಂತ ದೊಡ್ಡದಾಗಿ ಮೂರನೆಯ ರೂಪ ಪಡೆಯಿತು. ಆದರೆ ಚಿತ್ರಕ್ಕೆ ನಲವತ್ತು ವರ್ಷ ತುಂಬಿದಾಗ ಬಂದ ಸಂಪುಟದಲ್ಲಿ ಮೂರೂ ರೂಪಗಳು ಇದ್ದವು.

ತಪ್ಪು ದಾರಿಯ ಉದಾಹರಣೆ ಜಾರ್ಜ್ ಲ್ಯೂಕಸ್ ಅವರದು. 1988ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ, ಹಳೆಯ ಚಿತ್ರಗಳನ್ನು ಹಣಕ್ಕಾಗಿ ಬದಲಿಸುವವರ ವಿರುದ್ಧ ಅವರು ಬಲವಾಗಿ ವಾದಿಸಿದ್ದರು. ಕಪ್ಪು-ಬಿಳುಪು ಚಿತ್ರಗಳಿಗೆ ಬಣ್ಣ ಬಳಿಯುವ ಚಾಳಿ ಹೆಚ್ಚಿದ್ದ ಕಾಲವದು. ಒಂದು ನಾಡಿನ ಚಿತ್ರಗಳು ಆ ನಾಡಿನ ಚರಿತ್ರೆ ಎಂಬ ಅವರ ನಿಲುವು ಆಗ ಬಹಳ ಜನರಿಗೆ ಧೈರ್ಯ ಕೊಟ್ಟಿತು. ಒಂಬತ್ತು ವರ್ಷಗಳ ಬಳಿಕ ಅವರೇ ತಮ್ಮ ‘ಸ್ಟಾರ್ ವಾರ್ಸ್’ ಚಿತ್ರಗಳಲ್ಲಿ ಹೊಸ ದೃಶ್ಯಗಳನ್ನೂ ಗಣಕಯಂತ್ರದಲ್ಲಿ ಮಾಡಿದ ಪ್ರಾಣಿಗಳನ್ನೂ ಸೇರಿಸಿದರು. ಸೇರಿಸಿದ್ದು ಅವರ ಹಕ್ಕು. ಮೂಲವನ್ನು ಒಳ್ಳೆಯ ಪ್ರತಿಯಲ್ಲಿ ಸಿಗದಂತೆ ಮಾಡಿದ್ದು ಮಾತ್ರ ಅವರೇ ಹೇಳಿದ್ದ ತತ್ವಕ್ಕೆ ಹೊರತಾದದ್ದು. 2006ರ ಡಿವಿಡಿಯಲ್ಲಿ ಹೆಚ್ಚುವರಿಯೆಂಬಂತೆ ಬಂದ ಕಳಪೆ ಪ್ರತಿಯ ಹೊರತು ಆ ಬದಲಾವಣೆಯ ಬಳಿಕ ಆ ಚಿತ್ರಗಳ ಮೂಲರೂಪ ಮನೆಗಳಿಗೆ ಬರಲಿಲ್ಲ. 1977ರ ಮೂಲ ಪ್ರಿಂಟ್ ಒಂದನ್ನು ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2025ರ ಜೂನ್‌ನಲ್ಲಿ ತೋರಿಸಿದಾಗ ಅದೇ ಒಂದು ದೊಡ್ಡ ಸುದ್ದಿಯಾಯಿತು. ಸ್ಟೀವನ್ ಸ್ಪೀಲ್‌ಬರ್ಗ್ ಹಾಗೆ ಮಾಡಲಿಲ್ಲ. ‘ಇ.ಟಿ.’ ಚಿತ್ರದ 2002ರ ರೂಪದಲ್ಲಿ ಅಧಿಕಾರಿಗಳ ಕೈಯ ಬಂದೂಕುಗಳನ್ನು ಅಳಿಸಿ ವಾಕಿಟಾಕಿಗಳನ್ನು ಇರಿಸಿದ್ದ ಅವರು, ಮುಂದೆ ಅದು ತಾವು ಮಾಡಬಾರದಿದ್ದ ಕೆಲಸವೆಂದು ಬಹಿರಂಗವಾಗಿ ಹೇಳಿ, 2012ರ ಬ್ಲೂ-ರೇಯಲ್ಲಿ ಮೂಲರೂಪವನ್ನೇ ಮರಳಿ ಕೊಟ್ಟರು.

ಇನ್ನೊಂದು ಸಂಗತಿ ಇಲ್ಲಿ ಮುಖ್ಯ. ಸಿನೆಮಾ ಒಬ್ಬರ ಕೈಯಿಂದ ಹುಟ್ಟುವುದಿಲ್ಲ. ಈ ಏಳು ಚಿತ್ರಗಳ ಬಣ್ಣದ ಹಿಂದೆ ಡಾಯ್ಲ್, ಆಂಡ್ರ್ಯೂ ಲಾವ್, ಮಾರ್ಕ್ ಲೀ ಪಿಂಗ್-ಬಿನ್ ಅವರಂಥ ಛಾಯಾಗ್ರಾಹಕರಿದ್ದಾರೆ. ಕಲಾ ನಿರ್ದೇಶನ, ವೇಷಭೂಷಣ, ಸಂಕಲನ ಮೂರನ್ನೂ ನಿರ್ವಹಿಸಿದ ವಿಲಿಯಂ ಚಾಂಗ್ ಇದ್ದಾರೆ. ಒಂದು ಚೊಂಗ್‌ಸಾಮ್‌ನ ಕೆಂಪು ಯಾವ ಕೆಂಪಾಗಿರಬೇಕೆಂದು ಬಟ್ಟೆ ಆರಿಸಿದವರು, ಅದಕ್ಕೆ ಯಾವ ದೀಪ ಬೇಕೆಂದು ನಿಶ್ಚಯಿಸಿದವರು, ಆ ದಿನದ ಫಿಲ್ಮ್ ಹೇಗೆ ಪ್ರತಿಕ್ರಿಯಿಸುತ್ತದೆಂದು ತಿಳಿದಿದ್ದವರು ಸೇರಿ ಮಾಡಿದ ತೀರ್ಮಾನ ಅದು. ಇಪ್ಪತ್ತು ವರ್ಷಗಳ ಬಳಿಕ ಆ ತೀರ್ಮಾನವನ್ನು ಒಬ್ಬರು ಬದಲಿಸಿದಾಗ, ಮೂಲದ ಪ್ರತಿ ಜೊತೆಯಲ್ಲಿದ್ದರೆ ಅದು ಒಂದು ಹೊಸ ವ್ಯಾಖ್ಯಾನವಾಗುತ್ತದೆ. ಜೊತೆಯಲ್ಲಿಲ್ಲದಿದ್ದರೆ ಉಳಿದವರ ಕೆಲಸ ಅಳಿಸಿಹೋಗುತ್ತದೆ.

ಬೊಲೋನ್ಯಾದ ಇದೇ ಪ್ರಯೋಗಾಲಯದಲ್ಲಿ ನಮ್ಮ ‘ಘಟಶ್ರಾದ್ಧ’ವೂ ಮರುಜೀವ ಪಡೆದಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಗಿರೀಶ್ ಕಾಸರವಳ್ಳಿಯವರ 1977ರ ಈ ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಸ್ಥಾಪಿಸಿದ ವರ್ಲ್ಡ್ ಸಿನೆಮಾ ಪ್ರಾಜೆಕ್ಟ್ ಸೇರಿ ಪುನರುಜ್ಜೀವನಗೊಳಿಸಿ, 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು; ಹಣ ಒದಗಿಸಿದ್ದು ಲ್ಯೂಕಸ್ ಅವರ ಕುಟುಂಬದ ಪ್ರತಿಷ್ಠಾನ. ಅದರ ಛಾಯಾಗ್ರಾಹಕ ಎಸ್. ರಾಮಚಂದ್ರ 2011ರಲ್ಲಿಯೇ ತೀರಿಕೊಂಡಿದ್ದರು. ಅಗ್ರಹಾರದ ಮನೆಗಳ ಆ ಕಪ್ಪು-ಬಿಳುಪಿನ ನೆರಳು ಎಷ್ಟು ಗಾಢವಾಗಿರಬೇಕೆಂದು ಈಗ ಅವರನ್ನು ಕೇಳಲಾಗದು. ಅವರ ಉತ್ತರ ಇರುವುದು ನೆಗೆಟಿವ್‌ನಲ್ಲಿ ಮತ್ತು ಆ ಕಾಲದ ಪ್ರತಿಗಳಲ್ಲಿ ಮಾತ್ರ. ಪುನರುಜ್ಜೀವನ ಎಂಬ ಕೆಲಸ ಇಂಥ ಗೈರುಹಾಜರಾದವರ ಪರವಾಗಿಯೂ ನಡೆಯಬೇಕು ಎಂಬುದೇ ನನ್ನ ನಂಬಿಕೆ, ಮತ್ತು ವಾಂಗ್ ಅವರ ಸಂಪುಟ ನನ್ನನ್ನು ಅತೃಪ್ತಿಗೊಳಿಸುವುದು ಈ ಕಾರಣಕ್ಕಾಗಿಯೇ.

ಹೆಚ್ಚುವರಿ ಸಾಮಗ್ರಿಯ ವಿಷಯದಲ್ಲಿ ಮಾತ್ರ ಸಂಪುಟ ಉದಾರವಾಗಿದೆ. ಸೋಫಿಯಾ ಕೊಪೊಲಾ, ಕ್ಲೋಯಿ ಝಾವೊ ಮುಂತಾದ ನಿರ್ದೇಶಕರೂ ಆಂಡ್ರೆ ಆಸಿಮನ್, ಜೊನಾಥನ್ ಲೆಥಮ್ ಎಂಬ ಲೇಖಕರೂ ಕಳುಹಿಸಿದ ಪ್ರಶ್ನೆಗಳಿಗೆ ವಾಂಗ್ ಉತ್ತರಿಸುವ ಹೊಸ ಕಾರ್ಯಕ್ರಮವೊಂದಿದೆ. ಡಾಯ್ಲ್ ಅವರ 2002 ಮತ್ತು 2005ರ ಸಂದರ್ಶನಗಳನ್ನು ಯಾರೂ ತಪ್ಪಿಸಬಾರದು, ಏಕೆಂದರೆ ತಿದ್ದುವ ಮಾತು ಬರುವ ಮುಂಚೆ ಆ ಬಣ್ಣಗಳನ್ನು ಕಟ್ಟಿದವರು ತಮ್ಮ ಕೆಲಸದ ಬಗ್ಗೆ ಮಾತನಾಡುವುದನ್ನು ಅಲ್ಲಿ ಕೇಳಬಹುದು. ‘ಡೇಸ್ ಆಫ್ ಬೀಯಿಂಗ್ ವೈಲ್ಡ್’ ಕುರಿತು ಮ್ಯಾಗಿ ಚೆಯುಂಗ್ 1994ರಲ್ಲಿ ಆಡಿದ ಮಾತುಗಳ ಧ್ವನಿಮುದ್ರಣ, 2001ರ ಕಾನ್‌ನಲ್ಲಿ ವಾಂಗ್ ನೀಡಿದ ಸಿನೆಮಾ ಪಾಠ, ಹಳೆಯ ಚೀನೀ ಚಿತ್ರಗಳ ತುಣುಕುಗಳಿಂದ ವಾಂಗ್ ಕಟ್ಟಿದ 2000ದ ಕಿರುಚಿತ್ರ ಇವೂ ಬೆಲೆಯುಳ್ಳವು. ಪುಸ್ತಕದಲ್ಲಿ ವಿಮರ್ಶಕ ಜಾನ್ ಪವರ್ಸ್ ಅವರ ದೀರ್ಘ ಪ್ರಬಂಧವಿದೆ. ಜೊತೆಗೆ ಆರು ಕಲಾಮುದ್ರಣಗಳಿವೆ. ಹೊದಿಕೆಯ ವಿನ್ಯಾಸ ಬಹಳ ಚೆಂದ.

ಭಾರತದಲ್ಲಿದ್ದು ಕೊಳ್ಳುವವರು ಕೆಲವು ವ್ಯಾವಹಾರಿಕ ಸಂಗತಿಗಳನ್ನು ಗಮನಿಸಬೇಕು. ಪಟ್ಟಿ ಬೆಲೆ 199.95 ಡಾಲರ್, ಬಿಡುಗಡೆಯಾದಾಗಿನ ವಿನಿಮಯ ದರದಲ್ಲಿಯೇ ಅದು 14,500 ರೂಪಾಯಿಯ ಆಸುಪಾಸು, ಸಾಗಣೆ ಮತ್ತು ಸುಂಕ ಬೇರೆ. ಡಿಸ್ಕ್‌ಗಳು ಬ್ಲೂ-ರೇಯ ‘ಎ’ ವಲಯಕ್ಕೆ ಸೇರಿದವು, ಭಾರತ ‘ಸಿ’ ವಲಯದಲ್ಲಿದೆ. ಎಲ್ಲ ವಲಯಗಳ ಡಿಸ್ಕ್ ಓಡಿಸುವ ಪ್ಲೇಯರ್ ಇಲ್ಲದಿದ್ದರೆ ಇವು ಇಲ್ಲಿ ನಡೆಯುವುದಿಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ತೊಂದರೆಯಿಲ್ಲ. ಪುನರುಜ್ಜೀವನ 4ಕೆಯಲ್ಲಿ ನಡೆದಿದ್ದರೂ ಈ ಪೆಟ್ಟಿಗೆಯಲ್ಲಿರುವುದು ಸಾಮಾನ್ಯ ಬ್ಲೂ-ರೇ ಡಿಸ್ಕ್‌ಗಳು ಎಂಬುದನ್ನೂ ನೆನಪಿಡಬೇಕು.

ವಾಂಗ್ ಅವರ ಚಿತ್ರಗಳನ್ನು ಈಗಾಗಲೇ ಬಲ್ಲವರಿಗೆ, ಒಬ್ಬ ಕಲಾವಿದ ತನ್ನ ಹರೆಯದ ಕೃತಿಯನ್ನು ಇಳಿವಯಸ್ಸಿನಲ್ಲಿ ಹೇಗೆ ಓದಿಕೊಳ್ಳುತ್ತಾನೆಂದು ತಿಳಿಯಬಯಸುವವರಿಗೆ, ಇದು ಕೊಳ್ಳತಕ್ಕ ಸಂಪುಟ. ಮೊದಲ ಎರಡು ಚಿತ್ರಗಳಿಗಾಗಿ, ‘ಡೇಸ್ ಆಫ್ ಬೀಯಿಂಗ್ ವೈಲ್ಡ್’ನ ಇನ್ನೊಂದು ಪಾಠಕ್ಕಾಗಿ, ‘ದ ಹ್ಯಾಂಡ್’ಗಾಗಿ, ಸಂದರ್ಶನಗಳಿಗಾಗಿ ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಈ ನಿರ್ದೇಶಕರನ್ನು ಮೊದಲ ಬಾರಿಗೆ ನೋಡಹೊರಟವರು ಇದರಿಂದ ಪ್ರಾರಂಭಿಸಬಾರದೆಂದೇ ನನ್ನ ಸಲಹೆ. ‘ಚುಂಗ್‌ಕಿಂಗ್ ಎಕ್ಸ್‌ಪ್ರೆಸ್’ನ 2008ರ ಬ್ಲೂ-ರೇ, ‘ಇನ್ ದ ಮೂಡ್ ಫಾರ್ ಲವ್’ನ 2012ರ ಬ್ಲೂ-ರೇ, ‘ಫಾಲನ್ ಏಂಜೆಲ್ಸ್’ನ ಯಾವುದಾದರೂ ಹಳೆಯ ಡಿಸ್ಕ್ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸಿಕ್ಕರೆ ಬಿಡದೆ ಕೊಂಡು, ಮೊದಲು ಅವನ್ನು ನೋಡಿ, ಬಳಿಕ ಈ ಪೆಟ್ಟಿಗೆಗೆ ಬರುವುದು ಒಳ್ಳೆಯದು. ಈಗಾಗಲೇ ಆ ಹಳೆಯ ಡಿಸ್ಕ್‌ಗಳನ್ನು ಇಟ್ಟುಕೊಂಡವರು, ಹೊಸ ಸಂಪುಟ ಬಂತೆಂದು ಅವನ್ನು ಮಾರಬಾರದು. ಮತ್ತು ಕ್ರೈಟೀರಿಯನ್ ಸಂಸ್ಥೆ ಈ ಸಂಪುಟವನ್ನು ಮತ್ತೆ ಮುದ್ರಿಸುವುದಾದರೆ, ಹೊದಿಕೆಯಲ್ಲಾಗಲಿ ಪುಸ್ತಕದಲ್ಲಾಗಲಿ ಏನನ್ನೂ ಬದಲಿಸಬೇಕಿಲ್ಲ, 1.85ರ ಚೌಕಟ್ಟಿನ ‘ಫಾಲನ್ ಏಂಜೆಲ್ಸ್’ ಮತ್ತು ಮೊದಲ ಬಣ್ಣದ ‘ಇನ್ ದ ಮೂಡ್ ಫಾರ್ ಲವ್’ ಇರುವ ಎರಡು ಡಿಸ್ಕ್‌ಗಳನ್ನು ಸೇರಿಸಿದರೆ ಸಾಕು.